ಹೆಸರಿಲ್ಲದ ಮುಖಗಳು

ಕಡೂರು ಸೀಮೆಯವರಾದ ನಮಗೆ ಶಾಸನಗಳು ಹೊಸತಲ್ಲ. ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ ಅಂದಿನ ಕಡೂರು ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ತುರುಗಾಳಗದಲ್ಲಿ ಮಡಿದವನ ಹೆಸರನ್ನು ಕಲ್ಲು ಹೇಳುತ್ತದೆ; ಅವನ ನಿಜವಾದ ಮುಖ ಹೇಗಿತ್ತೆಂಬುದನ್ನು ಹೇಳಲಾರದು. ಇಂದು ಯಗಟಿಯಂಥ ಊರಿನ ಅಟ್ಟಗಳಲ್ಲಿ ಧೂಳು ಹಿಡಿದಿರುವ ಮದುವೆಯ ವಿಡಿಯೊ ಕ್ಯಾಸೆಟ್ಟುಗಳ ಸ್ಥಿತಿ ಇದಕ್ಕೆ ವಿಪರೀತವಾದುದು: ಅವುಗಳಲ್ಲಿ ಮುಖಗಳುಂಟು, ಹೆಸರುಗಳಿಲ್ಲ.

ವಿ.ಎಚ್.ಎಸ್. ಎಂಬ ಈ ಬಗೆಯ ಕ್ಯಾಸೆಟ್ಟು ಜಪಾನಿನಲ್ಲಿ ಮಾರಾಟಕ್ಕೆ ಬಂದುದು 1976ರಲ್ಲಿ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ನಮ್ಮ ದೇಶಕ್ಕೆ ಬಣ್ಣದ ಟಿ.ವಿ. ಬಂದಿತು, ಅದರ ಬೆನ್ನಿಗೇ ವಿಡಿಯೊ ಕ್ಯಾಮರಾ ನಮ್ಮ ಮದುವೆಯ ಚಪ್ಪರಗಳನ್ನೂ ಹೊಕ್ಕಿತು. ಅರ್ಧ ಅಂಗುಲ ಅಗಲದ ಪಾಲಿಯೆಸ್ಟರ್ ಪಟ್ಟಿ. ಅದರ ಮೇಲೆ ಕಾಂತೀಯ ಕಣಗಳ ತೆಳ್ಳನೆಯ ಲೇಪ. ತೇವ ತಗುಲಿದರೆ ಆ ಲೇಪವನ್ನು ಹಿಡಿದಿರುವ ಅಂಟು ಕೆಡುತ್ತದೆ, ಬೂಷ್ಟು ಹತ್ತುತ್ತದೆ. ನಮ್ಮದು ಬಯಲುಸೀಮೆ, ಮಲೆನಾಡಿನ ತೇವ ಇಲ್ಲಿಲ್ಲವೆಂದು ಸಮಾಧಾನಪಡುವಂತೆಯೂ ಇಲ್ಲ. ಸುರುಳಿ ಉಳಿದರೂ ಅದನ್ನು ಓಡಿಸುವ ಯಂತ್ರ ಉಳಿಯಬೇಕಲ್ಲ! ಜಪಾನಿನ ಫುನಾಯ್ ಕಂಪನಿಯು 2016ರ ಜುಲೈಯಲ್ಲಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. 2019ರಲ್ಲಿ ಯುನೆಸ್ಕೊ ಕೂಡ ಕಾಂತೀಯ ಸುರುಳಿಗಳ ವಿಷಯದಲ್ಲಿ ಜಗತ್ತನ್ನು ಎಚ್ಚರಿಸಿತು.

ನಮ್ಮ ಮನೆಯ ಕ್ಯಾಸೆಟ್ಟುಗಳನ್ನು ಡಿ.ವಿ.ಡಿ.ಗೆ ಇಳಿಸುವಾಗ ನಾನು ಕಂಡುಕೊಂಡ ಸಂಗತಿಯೊಂದಿದೆ. ಈ ಕೆಲಸಕ್ಕೆ ಅವಸರವೆಂಬುದು ಸಲ್ಲದು. ಮೂರು ಗಂಟೆಯ ಕ್ಯಾಸೆಟ್ಟು ಮೂರು ಗಂಟೆಯೂ ಓಡಿಯೇ ತೀರಬೇಕು. ಆ ಹೊತ್ತಿನಲ್ಲಿ ಸೋದರತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರು ಹೇಳಿದ ಹೆಸರುಗಳನ್ನೆಲ್ಲ ಬರೆದುಕೊಂಡೆ. ತೆಂಗಿನಗರಿಯ ಚಪ್ಪರದ ಕೆಳಗೆ ಎಲೆ ಹಾಕುತ್ತಿದ್ದವರು, ಧಾರೆಗೆ ನೀರು ತಂದವರು, ಕ್ಯಾಮರಾ ಕಂಡು ಸೆರಗು ಎಳೆದುಕೊಂಡವರು—ಒಬ್ಬೊಬ್ಬರಿಗೂ ಒಂದು ಹೆಸರು, ಒಂದು ಕಥೆ. ನಡುವೆ, ಚಿತ್ರದಲ್ಲಿ ಕಾಣದ ಯಾರೋ ಹಾಡುತ್ತಿದ್ದ ಸೋಬಾನೆ ಕೇಳಿಸಿತು. ಅತ್ತೆ ಸುಮ್ಮನಾದರು. “ಅದು ನಮ್ಮಮ್ಮನ ದನಿ ಕಣಪ್ಪ,” ಎಂದರು ಆಮೇಲೆ. ದೀಪವೆಲ್ಲ ಮದುಮಗಳ ಮೇಲಿತ್ತು, ಅಜ್ಜಿ ಕತ್ತಲಲ್ಲಿದ್ದರು. ಆ ದನಿಯನ್ನು ಗುರುತಿಸಬಲ್ಲವರು ಈಗ ನಮ್ಮ ಮನೆಯಲ್ಲಿ ಅತ್ತೆಯೊಬ್ಬರೇ.

ಯಂತ್ರವು ಚಿತ್ರವನ್ನು ಉಳಿಸಬಲ್ಲುದು, ಗುರುತನ್ನಲ್ಲ. ನಮ್ಮ ಹಿರಿಯರು ಹುಳು ತಿಂದ ತಾಳೆಗರಿಯನ್ನು ಹೊಸ ಗರಿಗೆ ಪ್ರತಿ ಮಾಡುತ್ತಿದ್ದರು. ಎಷ್ಟೋ ಪ್ರತಿಗಳ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೂ ಸಂವತ್ಸರವನ್ನೂ ಬರೆದಿರುವುದುಂಟು. ನಾವೂ ಆ ಪದ್ಧತಿಯನ್ನೇ ಹಿಡಿಯಬೇಕು. ಡಿ.ವಿ.ಡಿ.ಯೂ ಚಿರಂಜೀವಿಯಲ್ಲ, ಆದುದರಿಂದ ಎರಡು ಪ್ರತಿಗಳು ಎರಡು ಮನೆಗಳಲ್ಲಿರಲಿ. ಪ್ರತಿಯೊಂದರ ಜೊತೆಗೂ ಹಾಳೆಯೊಂದಿರಲಿ: ಯಾರ ಮದುವೆ, ಯಾವ ವರ್ಷ, ಎಷ್ಟನೆಯ ನಿಮಿಷದಲ್ಲಿ ಯಾರು.

ವಿದ್ಯಾರ್ಥಿಮಿತ್ರರು ಈ ಬೇಸಗೆಯ ರಜೆಯಲ್ಲಿ ಇದಕ್ಕೆ ಕೈಹಾಕಿದರೆ ಬಹಳ ಉಪಕಾರವಾದೀತು. ಕ್ಯಾಸೆಟ್ಟು ಇನ್ನಷ್ಟು ದಿನ ಕಾದೀತೇನೋ. ಹೆಸರು ಬಲ್ಲ ಹಿರಿಯರು ಕಾಯಲಾರರು.