ಸಿಡಿಲು ತಡೆ ಹಾಕಿಸಿದರೂ ಮೋಟಾರು ಸುಟ್ಟದ್ದು ಯಾಕೆ?

ನಮ್ಮದು ಸವಣೂರು ತಾಲೂಕಿನ ಎರಿ ಹೊಲ. ಒಂಬತ್ತು ಎಕರೆಯಲ್ಲಿ ಏಳು ಎಕರೆ ಮಳೆ ನಂಬಿದ್ದು. ಉಳಿದ ಎರಡು ಎಕರೆಗೆ ಒಂದು ಬೋರು ಇದೆ. 280 ಅಡಿಗೆ ಏಳೂವರೆ ಎಚ್.ಪಿ. ಮೋಟಾರು ಇಳಿಸಿದ್ದೇನೆ. ಮೆಣಸಿನ ಅಗಿ, ಒಂದಿಷ್ಟು ಕಾಯಿಪಲ್ಲೆ, ದನಗಳ ಮೇವು ಎಲ್ಲಾ ಅದರ ಮೇಲೆಯೇ.

2021ರ ಮೇ ತಿಂಗಳಲ್ಲಿ ಒಂದು ಸಂಜೆ ಅಡ್ಡಮಳೆ ಬಂತು. ಮಳೆ ನಾಲ್ಕು ಹನಿ, ಗುಡುಗು ಸಿಡಿಲೇ ಜಾಸ್ತಿ. ಎರಡು ಫರ್ಲಾಂಗು ಆಚೆ ಎಲ್ಲೋ ಸಿಡಿಲು ಬಿತ್ತು, ನಮ್ಮ ಹೊಲದಲ್ಲಿ ಏನೂ ಬೀಳಲಿಲ್ಲ. ಮರುದಿನ ಮೋಟಾರು ಚಾಲೂ ಆಯಿತು, ನೀರೂ ಬಂತು. ಏನೂ ಆಗಿಲ್ಲ ಎಂದುಕೊಂಡೆ. ಐದನೇ ದಿನಕ್ಕೆ ಟ್ರಿಪ್ ಆಗಿ ನಿಂತದ್ದು ಮತ್ತೆ ಏಳಲೇ ಇಲ್ಲ. ಎತ್ತಿಸಿ, ಕಟ್ಟಿಸಿ, ಇಳಿಸುವುದರೊಳಗೆ ಒಂಬತ್ತು ದಿನ ಹೋಯಿತು. ಮೆಣಸಿನ ಅಗಿ ಮಡಿಯಲ್ಲೇ ಒಣಗಿತು. ಆ ವರ್ಷ ಅಗಿ ಕೊಂಡು ತಂದು ಹಚ್ಚಿದೆವು.

ಮೋಟಾರು ಕಟ್ಟಿಸಿದ್ದು ಶಿಗ್ಗಾವಿಯಲ್ಲಿ. ಮೇಸ್ತ್ರಿ ಸಣ್ಣ ವಯಸ್ಸಿನವನು, ಆದರೆ ಕೆಲಸ ಬಲ್ಲವನು. ಬಿಚ್ಚಿದ ವೈಂಡಿಂಗ್ ತೋರಿಸಿ, 'ಕಾಕಾ, ಇಲ್ಲಿ ನೋಡ್ರಿ, ಸೂಜಿ ಚುಚ್ಚಿದಂಗ ಐತಿ' ಅಂದ. ತಂತಿ ಒಳಗೆ ಹೊಕ್ಕ ಕಡೆಯ ಮೊದಲ ಸುತ್ತಿನಲ್ಲೇ, ಮೇಲಿನ ಹೊದಿಕೆಗೆ ಸಣ್ಣ ತೂತು. ಸಿಡಿಲಿನ ದಿನ ಆದದ್ದು ಇಷ್ಟೇ. ಆಮೇಲೆ ದಿನವೂ ಹರಿಯುವ ಕರೆಂಟು ಆ ತೂತಿನಿಂದ ನೀರಿಗೆ ಸೋರಿ ಸೋರಿ, ಐದನೇ ದಿನಕ್ಕೆ ಸುಟ್ಟಿತು. ಸಿಡಿಲು ಬಿದ್ದ ದಿನ ಓಡಿದ ಮೋಟಾರು ಪಾರಾಯಿತು ಅನ್ನುವ ಹಾಗಿಲ್ಲ ಎಂಬುದು ನನಗೆ ಆಗ ತಿಳಿಯಿತು.

ಸಿಡಿಲು ತಂತಿಯ ಮೇಲೇ ಬೀಳಬೇಕೆಂದಿಲ್ಲ. ಹತ್ತಿರ ಬಿದ್ದರೂ ಲೈನಿನಲ್ಲಿ ಸಾವಿರಾರು ವೋಲ್ಟಿನ ಒಂದು ಹೊಡೆತ ಹುಟ್ಟುತ್ತದೆ. ಅದು ಇರುವುದು ಎಷ್ಟು ಹೊತ್ತು? ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವು ಹತ್ತು ಪಾಲು. ಫ್ಯೂಸ್ ಕರಗುವುದಕ್ಕೂ, ಸ್ಟಾರ್ಟರಿನ ರಿಲೇ ಬೀಳುವುದಕ್ಕೂ ಅಷ್ಟರಲ್ಲಿ ವೇಳೆ ಸಿಗುವುದಿಲ್ಲ. ಇದಕ್ಕೆಂದೇ ಸರ್ಜ್ ಪ್ರೊಟೆಕ್ಟರ್ ಎಂಬ ಪೆಟ್ಟಿಗೆ ಬಂದಿದೆ. ಎಸ್.ಪಿ.ಡಿ. ಅಂದರೂ ಅಂಗಡಿಯವರಿಗೆ ತಿಳಿಯುತ್ತದೆ. ಒಳಗೆ ಸತುವಿನ ಆಕ್ಸೈಡಿನ ಬಿಲ್ಲೆಗಳಿರುತ್ತವೆ. ವೋಲ್ಟೇಜ್ ಸರಿಯಿರುವಾಗ ಆ ಬಿಲ್ಲೆ ಕಲ್ಲಿನ ಹಾಗೆ, ಕರೆಂಟು ಬಿಡುವುದಿಲ್ಲ. ವೋಲ್ಟೇಜ್ ಮಿತಿ ಮೀರಿ ಏರಿದ ಕೂಡಲೇ ದಾರಿ ಬಿಟ್ಟು ಹೊಡೆತವನ್ನು ಅರ್ಥಿಂಗಿಗೆ ಸಾಗಹಾಕುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಕೆರೆ ಒಡೆಯಬಾರದೆಂದು ಕೋಡಿ ಇಟ್ಟ ಹಾಗೆ.

ಅದನ್ನೂ ತಂದೆ. ನಾಲ್ಕು ಸಾವಿರದ ಹತ್ತಿರ ಬಿತ್ತು. ಊರ ಹತ್ತಿರದ ಒಬ್ಬ ವೈರಿಂಗ್ ಹುಡುಗ ಬಂದು ಅರ್ಧ ತಾಸಿನಲ್ಲಿ ಕೂಡಿಸಿಕೊಟ್ಟ. ಹಸಿರು ಕಿಂಡಿ ಕಂಡಿತು, ನಿಶ್ಚಿಂತನಾದೆ. 2022ರ ಮೇ ತಿಂಗಳಲ್ಲಿ ಮತ್ತೆ ಅದೇ ಗುಡುಗು, ಅದೇ ಮೋಟಾರು. ಪೆಟ್ಟಿಗೆ ಹಸಿರಾಗೇ ಇತ್ತು! ಇವೆಲ್ಲ ಅಂಗಡಿಯವರ ಮೋಸ ಎಂದು ಬೈದುಕೊಂಡೇ ಶಿಗ್ಗಾವಿಗೆ ಹೋದೆ.

ಮೇಸ್ತ್ರಿ ನಕ್ಕ. 'ಅರ್ಥಿಂಗ್ ತಂತಿ ಎಲ್ಲಿಗೆ ಒಯ್ದೀರಿ ಕಾಕಾ?' ಅಂದ. ಶೆಡ್ಡಿನ ಹಿಂದೆ ಇಪ್ಪತ್ತು ಅಡಿ ದೂರ ಒಂದು ಸಲಾಕೆ ಹೊಡೆದಿದ್ದೇವೆ, ಹೆಚ್ಚಾದ ತಂತಿ ಸುರುಳಿ ಸುತ್ತಿ ಇಟ್ಟಿದ್ದೇವೆ ಎಂದೆ. 'ನಿಮ್ಮ ಸಲಾಕಿ ಒಣಾ ಮಣ್ಣಾಗ ಐತಿ. ನಿಮ್ಮ ಮೋಟಾರ ನೀರಾಗ ಕುಂತೈತಿ. ಸಿಡಿಲಿಗೆ ಯಾವ ಹಾದಿ ಸಲೀಸು, ನೀವ ಹೇಳ್ರಿ' ಅಂದ.

ನಾನು ಓದಿದ್ದು ಏಳನೇ ಇಯತ್ತೆ. ಆದರೂ ಈ ಮಾತು ಒಮ್ಮೆಗೇ ತಲೆಗೆ ಹೋಯಿತು. ಸಬ್‌ಮರ್ಸಿಬಲ್ ಮೋಟಾರಿನ ಕಷ್ಟವೇ ಇದು. ಹೊಲದಲ್ಲಿ ಅದರಷ್ಟು ಒಳ್ಳೆಯ ಅರ್ಥಿಂಗ್ ಬೇರೊಂದಿಲ್ಲ. ಸಿಡಿಲಿನ ಹೊಡೆತ ಭೂಮಿ ಸೇರಲು ಸಲೀಸು ಹಾದಿ ಹುಡುಕುತ್ತದೆ. ಬೇಸಿಗೆಯ ಒಣ ನೆಲದ ಸಲಾಕೆಗಿಂತ ವೈಂಡಿಂಗ್ ಹರಿದು ನೀರಿಗೆ ಇಳಿಯುವುದೇ ಅದಕ್ಕೆ ಹತ್ತಿರ. ಆದ್ದರಿಂದ ಪೆಟ್ಟಿಗೆಯ ಅರ್ಥಿಂಗ್ ತಂತಿ ಮೋಟಾರಿನ ಮೈಗೆ ಕೂಡಿರಬೇಕು. ಆಗ ಹೊಡೆತ ವೈಂಡಿಂಗನ್ನು ಬಿಟ್ಟು ಹೊರಗಿನ ತಂತಿಯಿಂದ ನೀರಿಗೆ ಹೋಗುತ್ತದೆ.

ಕಬ್ಬಿಣದ ಪೈಪಿನಲ್ಲಿ ಮೋಟಾರು ಇಳಿಸಿದವರಿಗೆ ಇದು ಸುಲಭ. ಪೈಪೇ ಮೋಟಾರಿನವರೆಗೆ ಹೋಗಿರುತ್ತದೆ, ಮೇಲೆ ಕ್ಲ್ಯಾಂಪ್ ಹಾಕಿ ತಂತಿ ಬಿಗಿದರೆ ಆಯಿತು. ನಮ್ಮಂಥ ಕರಿ ಪೈಪಿನವರಿಗೆ ಮಾತ್ರ ಕೆಲಸವಿದೆ. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಇಳಿಯುವುದಿಲ್ಲ. ಕೇಸಿಂಗಿಗೆ ಕೂಡಿಸಿದರೆ ಸಾಲದೇ ಎಂದು ಕೇಳಿದೆ. ನಮ್ಮ ಕಡೆ ಕೇಸಿಂಗ್ ಕಲ್ಲು ಸಿಗುವ ತನಕ ಮಾತ್ರ, ನೀರು ಅದಕ್ಕೂ ಬಹಳ ಕೆಳಗೆ. ಅದು ಪ್ಲಾಸ್ಟಿಕ್ ಕೇಸಿಂಗ್ ಆದರಂತೂ ಕೂಡಿಸಿಯೂ ಪ್ರಯೋಜನವಿಲ್ಲ. ಹಾಗಾಗಿ ಮೋಟಾರು ಹೇಗೂ ಮೇಲಿದ್ದಾಗಲೇ, ಕೇಬಲ್ಲಿನಷ್ಟೇ ದಪ್ಪದ ಒಂದು ಒಂಟಿ ತಾಮ್ರದ ತಂತಿಯನ್ನು ಮೋಟಾರಿನ ಮೈಗೆ ತುಕ್ಕು ಹಿಡಿಯದ ಬೋಲ್ಟಿನಿಂದ ಬಿಗಿದು, ಕೇಬಲ್ಲಿನ ಜೊತೆಗೆ ಕಟ್ಟುತ್ತ ಇಳಿಸಿದೆವು. ಪೆಟ್ಟಿಗೆಗಿಂತ ಆ ತಂತಿಗೇ ಹೆಚ್ಚು ದುಡ್ಡು ಹೋಯಿತು. ಹೊಟ್ಟೆ ಉರಿಯಿತು, ಆದರೆ ಎತ್ತಿ ಕಟ್ಟಿಸುವ ಖರ್ಚಿಗೆ ಹೋಲಿಸಿ ಸಮಾಧಾನ ಮಾಡಿಕೊಂಡೆ.

ಎರಡನೇ ತಪ್ಪು ಆ ಸುರುಳಿ. ಈ ಹೊಡೆತಕ್ಕೆ ತಂತಿಯ ಉದ್ದವೇ ಒಂದು ತಡೆ. ಜೋರು ಹೊಡೆತದಲ್ಲಿ ಒಂದು ಮೀಟರ್ ತಂತಿಯಲ್ಲೇ ಸಾವಿರ ವೋಲ್ಟಿನಷ್ಟು ನಿಲ್ಲಬಹುದು. ಪೆಟ್ಟಿಗೆ ಎಷ್ಟು ಒಳ್ಳೆಯದಾದರೇನು, ತಂತಿಯಲ್ಲಿ ನಿಂತ ವೋಲ್ಟೇಜೂ ಮೋಟಾರಿಗೇ ಹೋಗುತ್ತದೆ. ಲೈನಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಅರ್ಥಿಂಗ್ ಪಟ್ಟಿಗೆ, ಎರಡೂ ಸೇರಿ ಅರ್ಧ ಮೀಟರ್ ಒಳಗೆ ಇರಬೇಕು. ಸುತ್ತು ಬೇಡ, ಚೂಪು ತಿರುವು ಬೇಡ, ತಾಮ್ರ 6 ಚದರ ಮಿ.ಮೀ.ಗಿಂತ ಸಣ್ಣದು ಬೇಡ.

ಈಗ ನಮ್ಮ ಶೆಡ್ಡಿನಲ್ಲಿ ಇರುವುದು ಹೀಗೆ. ಕಂಬದಿಂದ ಬಂದ ಮೂರು ತಂತಿ ಮೇನ್ ಸ್ವಿಚ್ಚಿಗೆ, ಅಲ್ಲಿಂದ ಸ್ಟಾರ್ಟರಿಗೆ. ಸ್ಟಾರ್ಟರಿಗಿಂತ ಮೊದಲು ಪ್ರತಿ ಫೇಸಿನಿಂದ ಒಂದೊಂದು ಕವಲು ತೆಗೆದು, ನಡುವೆ ಫ್ಯೂಸ್ ಹಾಕಿ, ಪೆಟ್ಟಿಗೆಗೆ ಕೊಟ್ಟಿದೆ. ಮೋಟಾರಿನ ಕರೆಂಟು ಪೆಟ್ಟಿಗೆಯೊಳಗೆ ಹಾಯ್ದು ಹೋಗುವುದಿಲ್ಲ, ಪೆಟ್ಟಿಗೆ ಪಕ್ಕದಲ್ಲಿ ಕಾವಲು ನಿಂತಂತೆ. ಕೆಳಗೆ ಒಂದು ತಾಮ್ರದ ಪಟ್ಟಿ. ಪೆಟ್ಟಿಗೆಯ ಅರ್ಥಿಂಗ್, ಸ್ಟಾರ್ಟರಿನ ಮೈ, ಕಬ್ಬಿಣದ ಕೇಸಿಂಗ್, ಮೋಟಾರಿನಿಂದ ಬಂದ ತಂತಿ, ಇದ್ದಲಿ ಉಪ್ಪು ಹಾಕಿದ ಗುಂಡಿಯ ಪೈಪು, ಐದೂ ಅದೇ ಪಟ್ಟಿಗೆ ಕೂಡಿವೆ. ಗುಂಡಿಯನ್ನು ಬಿಡಬೇಡಿ. ಬಿಲ್ಲೆ ಎಂದಾದರೂ ಕೆಟ್ಟು ಕರೆಂಟು ಸೋರಿದರೆ ಕೇಸಿಂಗ್ ಮುಟ್ಟಿದವರಿಗೆ ಹೊಡೆದೀತು. ಆ ಫ್ಯೂಸ್, ಈ ಗುಂಡಿ ಎರಡೂ ಅದಕ್ಕೇ. ದನ ಕುಡಿಯುವ ತೊಟ್ಟಿಯ ಹೆಚ್ಚುವರಿ ನೀರನ್ನು ನಾನು ಗುಂಡಿಗೆ ಬಿಟ್ಟಿದ್ದೇನೆ, ಬೇಸಿಗೆಯಲ್ಲೂ ತೇವ ಆರುವುದಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು ವೋಲ್ಟೇಜ್. ನ್ಯೂಟ್ರಲ್ ಬಾರದ ಪಂಪ್‌ಸೆಟ್ಟಿಗೆ ಫೇಸ್ ಮತ್ತು ಅರ್ಥಿಂಗ್ ನಡುವೆ ಹಾಕುವ ಮೂರು ಕಂಬದ್ದು, 440 ವೋಲ್ಟ್ ಸದಾ ತಡೆಯುವಂಥದ್ದು ಬೇಕು. ಪೇಟೆಯ ಮನೆಗೆಂದು ಮಾಡಿದ ಕಡಿಮೆ ವೋಲ್ಟಿನದನ್ನು ತಂದರೆ, ಒಂದು ಫೇಸ್ ನೆಲಕ್ಕೆ ತಾಗಿ ಉಳಿದೆರಡು ಏರಿದಾಗ ಅದೇ ಸುಟ್ಟುಹೋಗುತ್ತದೆ. ಕೂಡಿಸುವ ಕೆಲಸವನ್ನು ಲೈಸೆನ್ಸ್ ಇದ್ದವರಿಂದ, ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸಿಯೇ ಮಾಡಿಸಿ.

ಇದು ಏನೇನು ಮಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಹಾನಗಲ್ಲಿನ ನಮ್ಮ ಬೀಗರು ಫೋನ್ ಮಾಡಿ, 'ಬೀಗರ, ನಮಗೂ ಒಂದು ಹಾಕಿಸಿ ಕೊಡ್ರಿ, ಮೋಟಾರ ಮೂರು ಸಲ ಸುಟ್ಟೈತಿ' ಅಂದರು. ಹೋಗಿ ನೋಡಿದರೆ ಕಂಡೆನ್ಸರ್ ಇಟ್ಟು ಎರಡೇ ಫೇಸಿನಲ್ಲಿ ಮೋಟಾರು ಓಡಿಸುತ್ತಿದ್ದಾರೆ! ಫೇಸ್ ಹೋದರೆ, ವೋಲ್ಟೇಜ್ ಇಳಿದರೆ ಈ ಪೆಟ್ಟಿಗೆ ಸುಮ್ಮನೆ ಕೂತಿರುತ್ತದೆ. ಅದಕ್ಕೆ ಬೇಕಾದದ್ದು ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಮತ್ತು ಓವರ್‌ಲೋಡ್ ರಿಲೇ. ಅದು ಸ್ಟಾರ್ಟರಿನೊಳಗೇ ಇತ್ತು, ಅವರೇ ಬೈಪಾಸ್ ಮಾಡಿಸಿದ್ದರು. ಸಿಡಿಲಿನ ಹೆಸರು ಸುಮ್ಮನೆ ಕೆಟ್ಟಿತ್ತು.

ಕಂಬಕ್ಕೇ ನೇರ ಸಿಡಿಲು ಬಡಿದರೆ ಯಾವ ಪೆಟ್ಟಿಗೆಯನ್ನೂ ನಂಬುವಂತಿಲ್ಲ. ಮೋಡ ಕಪ್ಪಾಗುವುದು ಕಂಡರೆ ನಾನು ಈಗಲೂ ಮೊದಲೇ ಹೋಗಿ ಮೇನ್ ಸ್ವಿಚ್ ಇಳಿಸುತ್ತೇನೆ. ಗುಡುಗು ಶುರುವಾದ ಮೇಲೆ ಮಾತ್ರ ಶೆಡ್ಡಿನ ಕಡೆ ಹೋಗುವುದಿಲ್ಲ, ಮೋಟಾರು ಹೋದರೆ ಹೋಗಲಿ.

2022ರಿಂದೀಚೆಗೆ ನಮ್ಮ ಮೋಟಾರು ಮೇಲೆ ಬಂದಿಲ್ಲ. 2024ರಲ್ಲಿ ಒಂದು ಫೇಸಿನ ಕಿಂಡಿ ಹಸಿರು ಹೋಗಿ ಕೆಂಪಾಯಿತು. ಅಂದರೆ ಆ ಬಿಲ್ಲೆ ಏಟು ತಿಂದು ಸತ್ತಿದೆ ಎಂದರ್ಥ. ಇಡೀ ಪೆಟ್ಟಿಗೆ ಬದಲಿಸಬೇಕಿಲ್ಲ, ಆ ಒಂದು ತುಂಡನ್ನು ಎಳೆದು ಹೊಸದು ಕೂಡಿಸಿದೆ. ಕೆಂಪಾದ ಮೇಲೂ ಮೋಟಾರು ಎಂದಿನಂತೆ ಓಡುತ್ತದೆ, ಹೀಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ಹಿರೇಕೆರೂರಿನಲ್ಲಿ ಬೀಜೋತ್ಪಾದನೆ ಮಾಡುವ ನನ್ನ ಅಳಿಯನ ಶೆಡ್ಡಿಗೆ ಹೋದಾಗ ಮೂರೂ ಕಿಂಡಿ ಕೆಂಪಾಗಿದ್ದವು. 'ಮಾವಾ, ಅದು ಇಂಡಿಕೇಟರ್ ಲೈಟ್ ಅಂತ ತಿಳದಿದ್ದೆ' ಅಂದ. ಅಂದೇ ಹೊಸ ತುಂಡು ತರಿಸಿ ಹಾಕಿಸಿದೆವು. ಈಗ ಅವನು ಪ್ರತಿ ವರ್ಷ ಭರಣಿ ಮಳೆಗೆ ಮೊದಲು ಬ್ಯಾಟರಿ ಬಿಟ್ಟು ಕಿಂಡಿ ನೋಡಿ, ನನಗೆ ಫೋನ್ ಮಾಡುತ್ತಾನೆ.