ನೀರಿನ ದಂಡೆಯಲ್ಲಿ ಬೀಡು

ಸಂಜೆ ದೀಪ ಹಚ್ಚುವ ಹೊತ್ತು. ನಡುಮನೆಯಲ್ಲಿ ಕುಳಿತು ನೀವು ರೇಡಿಯೊದ ಗುಂಡಿಯನ್ನು ತಿರುಗಿಸುತ್ತೀರಿ. ಆ ಒಂದು ಗುಂಡಿಗೂ, ಉತ್ತರ ಕನ್ನಡದ ಕಾಡಿನಲ್ಲಿ ಹೊಳೆಯ ದಂಡೆಗೆ ಗುಡಾರ ಹೊಡೆದು ಕುಳಿತ ಪ್ರವಾಸಿಯ ಕ್ಷೇಮಕ್ಕೂ ಏನು ಸಂಬಂಧವೆಂದು ಕೇಳಿದರೆ ನಿಮಗೆ ನಗು ಬಂದೀತು. ಆದರೆ ಸಂಬಂಧ ಉಂಟು. ಅದನ್ನು ತಿಳಿಯದೆ ನಾನೊಮ್ಮೆ ಪೇಚಿಗೆ ಸಿಕ್ಕಿದ್ದೆನಾದ್ದರಿಂದ, ರಜೆಯಲ್ಲಿ ಮಕ್ಕಳೊಡನೆ ಆ ಕಡೆ ಹೊರಡುವವರಿಗಾಗಿ ಈ ನಾಲ್ಕು ಮಾತು.

ಇಂಥ ವಾಸಕ್ಕೆ ಈಗ ಎಲ್ಲರೂ ‘ಶಿಬಿರ’ ಎನ್ನುತ್ತಾರೆ. ಅದು ಸಂಸ್ಕೃತದ ಮಾತು. ದಂಡು ಇಳಿದುಕೊಳ್ಳುವ ಸ್ಥಳವೆಂದು ಅದರ ಹಳೆಯ ಅರ್ಥ. ನಮ್ಮ ಅಚ್ಚಗನ್ನಡದಲ್ಲಿ ‘ಬೀಡು’ ಎಂಬ ಸೊಗಸಾದ ಮಾತಿದೆ. ‘ಕೆಡು’ ಎಂಬುದರಿಂದ ‘ಕೇಡು’ ಆದ ಹಾಗೆ ‘ಬಿಡು’ ಎಂಬುದರಿಂದ ‘ಬೀಡು’ ಆಯಿತು. ಎಲ್ಲಿ ಹೊರೆಯನ್ನು ಇಳಿಸಿ ಬಿಡುತ್ತೇವೆಯೋ ಅದು ಬೀಡು. ಕಾಡಿಗೆ ಹೋಗುವವನು ಏನೇನನ್ನು ಬಿಟ್ಟು ಹೋಗಬೇಕೆಂಬುದೇ ಇಲ್ಲಿಯ ಮುಖ್ಯ ವಿಷಯ.

ನಾವು ಹೊರಟದ್ದು ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳಿನಲ್ಲಿ. ಇಬ್ಬರು ಉಪಾಧ್ಯಾಯರು, ಎಂಟು ಮಂದಿ ವಿದ್ಯಾರ್ಥಿಗಳು. ಲೋಂಡಾದಿಂದ ರೈಲು ಕಾಡನ್ನು ಹೊಕ್ಕು ಕ್ಯಾಸಲ್‌ರಾಕ್ ನಿಲ್ದಾಣಕ್ಕೆ ಬರುತ್ತದೆ. ಹೆಸರು ಇಂಗ್ಲಿಷಿನದು, ಊರು ನಮ್ಮ ಜೋಯಿಡಾ ತಾಲ್ಲೂಕಿನದು. 1961ರ ಡಿಸೆಂಬರಿನಲ್ಲಿ ಗೋವೆ ಪೋರ್ಚುಗೀಸರ ಕೈಯಿಂದ ಬಿಡುಗಡೆ ಹೊಂದುವವರೆಗೆ ಇದು ಗಡಿಯ ನಿಲ್ದಾಣವಾಗಿತ್ತು. ಆಚೆಗೆ ರೈಲು ಓಡುತ್ತಿದ್ದ ದಿನಗಳಲ್ಲಿ ಸುಂಕದವರು ಇಲ್ಲಿ ಪ್ರಯಾಣಿಕರ ಗಂಟುಮೂಟೆ ಬಿಚ್ಚಿಸಿ ನೋಡುತ್ತಿದ್ದರು. ಇಲ್ಲಿಂದ ಮುಂದೆ ಹಳಿ ಘಟ್ಟ ಇಳಿದು ದೂಧಸಾಗರದ ಅಬ್ಬಿಯ ಎದುರಿಗೇ ಹಾದುಹೋಗುತ್ತದೆ. ಹಳಿಯ ಮೇಲೆ ನಡೆದುಕೊಂಡೇ ಹೋಗುವ ಆಸೆ ಹುಡುಗರಿಗೆ ಹುಟ್ಟುವುದು ಸಹಜ. ಆದರೆ ಅದು ನಿಷಿದ್ಧ, ಸುರಂಗಗಳ ದಾರಿಯಾದುದರಿಂದ ಅಪಾಯಕರ ಸಹ.

ಕ್ಯಾಸಲ್‌ರಾಕಿನಲ್ಲಿ ಒಂದು ಹಗಲು ಕಳೆದು, ರಾಮನಗರದ ಮೂಲಕ ಗಣೇಶಗುಡಿಯ ಕಡೆಗೆ ಹೊರಟೆವು. ಈ ರಾಮನಗರವನ್ನು ಸುಮ್ಮನೆ ದಾಟಿಹೋಗಬಾರದು. ಕಾಳೀ ನದಿಗೆ ಪಾಂಡರಿ ನದಿ ಬಂದು ಕೂಡುವ ಎಡೆಯಲ್ಲಿ ಸೂಪಾ ಎಂಬ ಊರಿತ್ತು. ತಾಲ್ಲೂಕಿಗೂ ಅದೇ ಹೆಸರು. ನದಿಗೆ ಅಣೆಕಟ್ಟು ಬಂದು ಆ ಊರು ನೀರಿನಲ್ಲಿ ಮುಳುಗಿತು. ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು. ಮನೆಮಠ ಕಳೆದುಕೊಂಡವರಲ್ಲಿ ಅನೇಕರು ರಾಮನಗರಕ್ಕೆ ಬಂದು ನೆಲಸಿದರು. ಚಹದ ಅಂಗಡಿಯಲ್ಲಿ ನಮಗೆ ದಾರಿ ತೋರಿಸಿದ ಹಿರಿಯರೊಬ್ಬರು, “ನೀವು ನೋಡಾಕ ಹೊಂಟೀರಲ್ಲ ಸರ, ಆ ನೀರಿನ ಬುಡಕ ನಮ್ಮ ಅಂಗಳ ಐತಿ” ಎಂದರು. ಆ ಮಾತು ಕೇಳಿದ ಮೇಲೆ ಹುಡುಗರ ಗದ್ದಲ ಸ್ವಲ್ಪ ಹೊತ್ತು ನಿಂತಿತು.

ಸೂಪಾ ಅಣೆಕಟ್ಟು 1987ರಲ್ಲಿ ಮುಗಿಯಿತು. ಎತ್ತರ ನೂರ ಒಂದು ಮೀಟರು. ಹಿಡಿಸುವ ನೀರು ಸುಮಾರು 147 ಟಿ.ಎಂ.ಸಿ., ಎಂದರೆ ಕೃಷ್ಣರಾಜಸಾಗರದಂಥ ಮೂರು ಜಲಾಶಯಗಳ ನೀರು. ದಂಡೆಯಲ್ಲಿ ನಿಂತರೆ ಇದು ಮನುಷ್ಯರು ಮಾಡಿದ್ದೆಂದು ತೋರುವುದೇ ಇಲ್ಲ. ಸುತ್ತ ಬೆಟ್ಟ, ನಡುವೆ ಕೊಲ್ಲಿ ಕೊಲ್ಲಿಗೂ ಚಾಚಿಕೊಂಡ ತಿಳಿನೀರು. ಆದರೆ ಕೆರೆಯ ಗುಣ ಬೇರೆ, ಜಲಾಶಯದ ಗುಣ ಬೇರೆ. ಮಳೆಗಾಲದಲ್ಲಿ ಏರಿದ ನೀರು ಬೇಸಗೆಯತ್ತ ಇಳಿಯುತ್ತ ಹೋಗುವುದರಿಂದ ಅಂಚಿನಲ್ಲಿ ಮೆತ್ತನೆಯ ಕೆಸರು ಉಳಿಯುತ್ತದೆ; ಮೇಲೆ ಒಣಗಿದಂತೆ ಕಂಡರೂ ಕಾಲಿಟ್ಟರೆ ಹೂತುಹೋಗುತ್ತದೆ. ಕಾಡು ಮುಳುಗಿದ ನೀರಿನ ಒಳಗೆ ಹಳೆಯ ಮರಗಳ ಮೋಟುಗಳಿರುತ್ತವೆ. ಈಜು ಬಲ್ಲವನಿಗೂ ಅದು ತಕ್ಕ ಸ್ಥಳವಲ್ಲ.

ಇದು ಅಣೆಕಟ್ಟಿನ ಮೇಲಿನ ನೀರಿನ ಮಾತು. ಕೆಳಗಿನ ಹೊಳೆಯ ಸ್ವಭಾವ ಇನ್ನೂ ಬೇರೆ. ನಮ್ಮ ಬೀಡು ಇದ್ದುದು ಗಣೇಶಗುಡಿಯ ಹತ್ತಿರ, ಆ ಕೆಳಗಿನ ದಂಡೆಯಲ್ಲಿ. ಮಧ್ಯಾಹ್ನದಲ್ಲಿ ಹೊಳೆ ಸಣ್ಣಗೆ ಹರಿಯುತ್ತಿತ್ತು. ಹುಡುಗರು ನಡುಹೊಳೆಯ ಹಾಸುಬಂಡೆಯ ಮೇಲೆ ಕುಳಿತು ಕಾಲು ಇಳಿಬಿಟ್ಟಿದ್ದರು. ನಾನೇ ಅಪ್ಪಣೆ ಕೊಟ್ಟಿದ್ದೆ. ಆಕಾಶದಲ್ಲಿ ಮೋಡದ ಸುಳಿವಿಲ್ಲ. ಅಡಿಗೆಯಾತ ಒಮ್ಮೆಲೆ ಸೌಟು ಹಿಡಿದೇ ಓಡಿಬಂದು, “ಏ ತಮ್ಮಾ, ಮ್ಯಾಲ ಬರ್ರಿ! ನೀರು ಬಿಟ್ಟಾರ!” ಎಂದು ಕೂಗಿದ. ಏಳು ಮಂದಿ ಬಂದರು. ಒಬ್ಬ ಮಾತ್ರ ಚಪ್ಪಲಿಗೆಂದು ಹಿಂದಕ್ಕೆ ಹೋದ. ಅಷ್ಟರಲ್ಲಿ ಮೊಣಕಾಲುದ್ದ ನೀರು ಬಂದು ಸೆಳೆಯತೊಡಗಿತು. ಅಡಿಗೆಯಾತ ಸೊಂಟದ ಪಂಚೆಯನ್ನೇ ಬಿಚ್ಚಿ ಎಸೆದು ಹುಡುಗನನ್ನು ಎಳೆದುಕೊಂಡ. ಸ್ವಲ್ಪ ಹೊತ್ತಿನಲ್ಲಿ ಆ ಬಂಡೆ ಕಣ್ಣಿಗೇ ಕಾಣಲಿಲ್ಲ. ವ್ಯಾಕರಣ ಕಲಿಸುವ ನನಗೆ ಹೊಳೆಯ ವ್ಯಾಕರಣ ಗೊತ್ತಿರಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮಳೆಯಿಲ್ಲದೆ ಹೊಳೆ ಏರುವುದೇಕೆ? ಕಲ್ಲಿದ್ದಲು ಸುಡುವ ವಿದ್ಯುದಾಗಾರವನ್ನು, ರಾಯಚೂರಿನಲ್ಲಿರುವಂಥದನ್ನು, ತಣ್ಣಗಿದ್ದಾಗ ಹೂಡಿ ಓಡಿಸಬೇಕಾದರೆ ಅನೇಕ ಗಂಟೆಗಳು ಬೇಕು. ಜಲವಿದ್ಯುತ್ತಿನ ಯಂತ್ರವಾದರೋ ನೀರು ಬಿಟ್ಟ ಕೆಲವು ನಿಮಿಷಗಳಲ್ಲಿಯೇ ತಿರುಗುತ್ತದೆ. ಆದುದರಿಂದ ನಾಡಿನಲ್ಲಿ ವಿದ್ಯುತ್ತಿನ ಬೇಡಿಕೆ ಏರಿದಾಗ ಇಂಥ ಯಂತ್ರಗಳನ್ನು ಚಾಲೂ ಮಾಡುತ್ತಾರೆ. ಯಂತ್ರ ತಿರುಗಿಸಿದ ನೀರು ಹೊಳೆಗೆ ಇಳಿಯಲೇಬೇಕಷ್ಟೆ. ಸೂಪಾದ ಬುಡದಲ್ಲಿ 100 ಮೆಗಾವಾಟಿನ ವಿದ್ಯುದಾಗಾರವಿದೆ. ಅದೇ ನೀರು ಕೆಳಗೆ ಬೊಮ್ಮನಹಳ್ಳಿಯಲ್ಲಿ ತಡೆದು ನಿಂತು, ನಾಗಝರಿಯಲ್ಲಿ ಅದರ ಎಂಟು ಪಟ್ಟಿಗೂ ಮಿಕ್ಕ ವಿದ್ಯುತ್ತನ್ನು ಕೊಟ್ಟು, ಕೊಡಸಳ್ಳಿ, ಕದ್ರಾಗಳನ್ನು ಹಾದು ಕಾರವಾರದ ಬಳಿ ಕಡಲು ಸೇರುತ್ತದೆ. ಗಣೇಶಗುಡಿಯ ತೆಪ್ಪದಾಟ ನಡೆಯುವುದೂ ಹೀಗೆ ಬಿಟ್ಟ ನೀರಿನಲ್ಲಿಯೇ. ಈಗ ನೋಡಿ, ನಿಮ್ಮ ನಡುಮನೆಯ ಗುಂಡಿಗೂ ಆ ಹಾಸುಬಂಡೆಗೂ ನಂಟು ಕೂಡಿತಲ್ಲವೆ? ಸ್ಥಳದವರನ್ನು ಕೇಳದೆ, ಅಣೆಕಟ್ಟಿನ ಕೆಳಗಿನ ಹೊಳೆಗೆ ಮಕ್ಕಳನ್ನು ಇಳಿಸಬೇಡಿ.

ಇನ್ನು ಕಾಡಿನ ರಾತ್ರಿ. ಈ ಸೀಮೆಯ ದಾಂಡೇಲಿ ಕಾಡು 1956ರಲ್ಲಿ ಅಭಯಾರಣ್ಯವಾಯಿತು. ಅದೂ ಅಣಶಿಯ ರಾಷ್ಟ್ರೀಯ ಉದ್ಯಾನವೂ ಕೂಡಿ 2007ರಲ್ಲಿ ಹುಲಿಗಳ ರಕ್ಷಿತಾರಣ್ಯವಾದವು. 2015ರಲ್ಲಿ ಅದಕ್ಕೆ ಕಾಳೀ ನದಿಯ ಹೆಸರನ್ನೇ ಇಟ್ಟರು. ಇಲ್ಲಿ ಕಂಡಲ್ಲಿ ಗುಡಾರ ಹೊಡೆಯುವಂತಿಲ್ಲ. ದಾಂಡೇಲಿಯ ಹತ್ತಿರ ಕುಳಗಿಯಲ್ಲಿ ಅರಣ್ಯ ಇಲಾಖೆಯದೇ ಗುಡಾರಗಳ ಬೀಡಿದೆ. ಅಂಥ ಅಪ್ಪಣೆಯುಳ್ಳ ಎಡೆಯಲ್ಲಿಯೇ ಇಳಿದುಕೊಳ್ಳಬೇಕು. ತಿಂಡಿಯ ಪೊಟ್ಟಣವನ್ನು ಗುಡಾರದೊಳಗೆ ಇಟ್ಟರೆ ಮಂಗನಿಂದ ಹಿಡಿದು ಹಂದಿಯವರೆಗೆ ನೆಂಟರು ಬರುತ್ತಾರೆ. ಮಳೆಗಾಲವಾದರೆ ಉಂಬಳದ ಕಾಟ. ಉಪ್ಪು ಇಲ್ಲವೆ ಸುಣ್ಣ ಹಚ್ಚಿದರೆ ಬಿಡುತ್ತದೆ. ಬೇಸಗೆಯತ್ತ ಉಣ್ಣಿಯ ಭಯ. ಮಂಗನ ಕಾಯಿಲೆ ಹರಡುವುದು ಅದರಿಂದ. ಮೈತುಂಬ ಬಟ್ಟೆ ತೊಟ್ಟು, ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡುವುದು ಮೇಲು.

ಗಣೇಶಗುಡಿಯಲ್ಲಿ ‘ಓಲ್ಡ್ ಮ್ಯಾಗಜೀನ್ ಹೌಸ್’ ಎಂಬ ಬಿಡದಿಯೊಂದಿದೆ. ಈ ಮ್ಯಾಗಜೀನು ಈಗ ನಿಮ್ಮ ಕೈಯಲ್ಲಿರುವಂಥದಲ್ಲ. ಅಣೆಕಟ್ಟು ಕಟ್ಟುವಾಗ ಬಂಡೆ ಒಡೆಯುವ ಸಿಡಿಮದ್ದನ್ನು ಕೂಡಿಟ್ಟಿದ್ದ ಮನೆ ಅದು. ಇಂದು ಅದರ ಅಂಗಳದಲ್ಲಿ ನೀರಿನ ಬೋಗುಣಿಗಳಿಗೆ ಕಾಡಿನ ಹಕ್ಕಿಗಳು ಬಂದು ಮೀಯುತ್ತವೆ. ಒಂದು ಗಳಿಗೆ ಮಾತಿಲ್ಲದೆ ಕುಳಿತರೆ ನಿಮ್ಮೆದುರಿಗೇ ಮೀಯುತ್ತವೆ, ಕೆಮ್ಮಿದರೆ ಹಾರಿಹೋಗುತ್ತವೆ. ಬೆಳಗಿನಲ್ಲಿ ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾದಾಗ ರೆಕ್ಕೆಯ ಸದ್ದು ಹಳೆಯ ಉಗಿಬಂಡಿ ಏದುಸಿರು ಬಿಟ್ಟಂತೆ ಕೇಳಿಸುತ್ತದೆ. ಹೆಣ್ಣು ಹಕ್ಕಿ ಮರದ ಪೊಟರೆಯಲ್ಲಿ ತನ್ನನ್ನು ತಾನೇ ಮುಚ್ಚಿಕೊಂಡು ಕಾವು ಕೂರುತ್ತದೆ. ಗಂಡು ಒಂದು ಸಣ್ಣ ಸೀಳಿನಿಂದ ಹಣ್ಣು ತಂದು ಉಣಿಸುತ್ತದೆ. ಗದ್ದಲಕ್ಕೆ ಹೆದರಿ ಗಂಡು ದೂರ ಹೋದರೆ ಒಳಗಿನವರ ಗತಿಯೇನೆಂದು ನೀವೇ ಯೋಚಿಸಿ.

ಆದುದರಿಂದ ರೇಡಿಯೊದ ಪತ್ರಿಕೆಯಲ್ಲಿಯೇ ಈ ಮಾತು ಹೇಳುತ್ತೇನೆ, ಸಂಪಾದಕರು ಕ್ಷಮಿಸಲಿ: ಕಾಡಿಗೆ ಹೋಗುವಾಗ ರೇಡಿಯೊವನ್ನೂ ಹಾಡಿನ ಪೆಟ್ಟಿಗೆಯನ್ನೂ ಮನೆಯಲ್ಲಿಯೇ ಬಿಡಿ. ಬಿಟ್ಟದ್ದಕ್ಕೇ ಬೀಡು ಎಂದು ಹೆಸರು. ಆದರೆ ತಂದ ಪ್ಲಾಸ್ಟಿಕ್ಕಿನ ಚೀಲವನ್ನು ಮಾತ್ರ ಅಲ್ಲಿ ಬಿಡಬೇಡಿ; ಆ ಕಸದ ಕೆಳಗೆ, ನೀರಿನ ಬುಡಕ್ಕೆ, ಒಬ್ಬರ ಅಂಗಳವಿದೆ.

ಚಪ್ಪಲಿ ಕಳೆದುಕೊಂಡ ಹುಡುಗ ಈಗ ಕಾಲೇಜು ಸೇರಿದ್ದಾನೆ. ದಾರಿಯಲ್ಲಿ ಸಿಕ್ಕಿದಾಗ ನಮಸ್ಕಾರ ಹೇಳಿ, “ಸಾರ್, ನೀರು ಬಿಟ್ಟಾರ!” ಎಂದು ನಗುತ್ತಾನೆ. ನಾನೂ ನಗುತ್ತೇನೆ, ಆದರೆ ಸಂಜೆ ದೀಪದ ಗುಂಡಿ ಒತ್ತುವಾಗ ಈಗಲೂ ಒಮ್ಮೆ ಕೈ ತಡೆಯುತ್ತದೆ.