ಚಮ್ಮಾರನ ಅರುಣೋದಯ

ಇಂದಿನ ಜರ್ಮನಿಯ ಪೂರ್ವದ ಗಡಿಯಲ್ಲಿರುವ ಗೋರ್ಲಿಟ್ಸ್ ಪಟ್ಟಣದಲ್ಲಿ ಜೋಡು ಹೊಲಿದು ಬದುಕಿದವನು ಯಾಕೋಬ್ ಬ್ಯೋಮೆ. 1600ರಲ್ಲೊಂದು ದಿನ ತವರದ ಪಾತ್ರೆಯ ಮೇಲೆ ಹೊಳೆದ ಬಿಸಿಲಿನಲ್ಲಿ ಸಕಲ ವಸ್ತುಗಳ ಒಳಮರ್ಮವೇ ಅವನಿಗೆ ತೆರೆದುಕೊಂಡಿತೆಂದು ಅವನ ಚರಿತ್ರೆಕಾರರು ಹೇಳುತ್ತಾರೆ. ಅದನ್ನು ಬರಹಕ್ಕಿಳಿಸಲು ಹನ್ನೆರಡು ವರ್ಷ ಬೇಕಾಯಿತು. 1612ರ ಆ ಕೃತಿಯ ಹೆಸರಿಗೆ ‘ಅರುಣೋದಯ’ವೆಂದೇ ಅರ್ಥ.

ಅವನನ್ನು ಕಾಡಿದ ಪ್ರಶ್ನೆ ಹಳೆಯದು: ದೇವರು ಕರುಣಾಮಯನಾದರೆ ಲೋಕದಲ್ಲಿ ಕೇಡೇಕೆ? ಲೂಥರನ ಮತದಲ್ಲಿ ಬೆಳೆದ ಈ ಅನುಭಾವಿ ಉತ್ತರವನ್ನು ದೇವರ ಆಳದಲ್ಲಿಯೇ ಅರಸಿದನು. ಎಲ್ಲಕ್ಕೂ ಮೊದಲಿರುವುದು ತಳವಿಲ್ಲದೊಂದು ಆಳ. ಅದಕ್ಕೆ ಹೆಸರಿಲ್ಲ, ರೂಪವಿಲ್ಲ. ಅದು ತನ್ನನ್ನು ತಾನು ಅರಿಯಬಯಸಿದಾಗ ಹೌದು-ಅಲ್ಲಗಳು, ಒಲವು-ಕೋಪಗಳು ಹುಟ್ಟುತ್ತವೆ. ಉರಿಯಿಲ್ಲದೆ ಬೆಳಕಿಲ್ಲ, ಬೆಳಕನ್ನು ತೊರೆದ ಉರಿಯೇ ನರಕ. ‘ನಾನು’ ಎಂಬುದನ್ನು ಬಿಟ್ಟವನೊಳಗೆ ಕ್ರಿಸ್ತನು ಹುಟ್ಟುತ್ತಾನೆ. ಚರ್ಚಿನ ಗೋಡೆಗಳೊಳಗೆ ಕುಳಿತ ಮಾತ್ರಕ್ಕೆ ಅದು ಆಗದು. ಗಂಧಕ, ಪಾದರಸವೆಂದು ರಸವಾದಿಗಳ ಪರಿಭಾಷೆ ಬೆರೆತ ಈ ಬರಹ ಓದಲು ಕಬ್ಬಿಣದ ಕಡಲೆಯೇ ಸರಿ.

ಊರಿನ ಹಿರಿಯ ಪಾದ್ರಿ ಗ್ರೆಗೋರ್ ರಿಕ್ಟರ್ ಕೆರಳಿದನು. 1613ರಲ್ಲಿ ನಗರಸಭೆ ಹಸ್ತಪ್ರತಿಯನ್ನು ವಶಪಡಿಸಿಕೊಂಡು, ಇನ್ನು ಬರೆಯಕೂಡದೆಂದು ವಿಧಿಸಿತು. ಬ್ಯೋಮೆ ಕೆಲವು ವರ್ಷ ತಲೆಬಾಗಿದನು. ಅನಂತರ ತಡೆಯಲಾರದೆ, 1624ರಲ್ಲಿ ಸಾಯುವವರೆಗೂ ಬರೆದನು. ಗೆಳೆಯರು ಅವನ ಸಮಾಧಿಯ ಮೇಲೆ ನೆಟ್ಟ ಶಿಲುಬೆಯನ್ನೂ ವಿರೋಧಿಗಳು ಕೆಡಿಸಿದರು. ಅವನ ಕೃತಿಗಳೆಲ್ಲ ಒಟ್ಟಾಗಿ ಅಚ್ಚಾದದ್ದು 1682ರಲ್ಲಿ, ದೂರದ ಆಮ್‌ಸ್ಟರ್‌ಡ್ಯಾಮಿನಲ್ಲಿ.